ಮಾರ್ಚ್ 1978 ಅಂತ ಬರೆದಿದ್ದ ಒಂದು ಸಹಿ: ಹಾರರ್ ಫಸ್ಟ್ ಎಡಿಷನ್ ಕಲೆಕ್ಟರ್ ಒಬ್ಬರ ಪ್ರಕರಣ

ಈ ಪ್ರಕರಣ ಬರೀಬೇಕು ಅಂತ ಒಂದು ವರ್ಷದಿಂದ ಅಂದ್ಕೊಳ್ತಾನೇ ಇದ್ದೆ, ಸಂಬಂಧಪಟ್ಟವರು ಒಪ್ಪಿದ ಮೇಲೆ ಈಗ ಬರೀತಿದೀನಿ. ಅವರನ್ನ ಇಲ್ಲಿ ಗೌಡ್ರು ಅಂತ ಕರೀತೀನಿ, ಅದು ಅವರ ಹೆಸರಲ್ಲ. ಗುರುತು ಸಿಗೋ ಅಂಥ ಒಂದೆರಡು ವಿಷಯ ಬದಲಾಯಿಸಿದೀನಿ, ಪುಸ್ತಕ ಮಾರಿದ ಡೀಲರ್ ಯಾರು ಅನ್ನೋದನ್ನ ಪೂರ್ತಿ ಬಿಟ್ಟಿದೀನಿ. ಪುಸ್ತಕದ ವಿವರ, ದುಡ್ಡಿನ ಲೆಕ್ಕ, ಯಾವಾಗ ಯಾವ ನಿರ್ಧಾರ ತಗೊಂಡ್ವಿ ಅನ್ನೋದು ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಹಿನ್ನೆಲೆ

ಗೌಡ್ರು ತುಮಕೂರು ಕಡೆಯವರು, ನ್ಯೂಜೆರ್ಸಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇಂಜಿನಿಯರಿಂಗ್ ಓದೋವಾಗ ಬೆಂಗಳೂರಿನ ಅವೆನ್ಯೂ ರೋಡ್‌ನಲ್ಲಿ ಹಳೇ ಪುಸ್ತಕದ ರಾಶಿಯಿಂದ ಸ್ಟೀಫನ್ ಕಿಂಗ್ ಬರೆದ 'ದ ಶೈನಿಂಗ್' ಪೇಪರ್‌ಬ್ಯಾಕ್ ಒಂದನ್ನ ತಗೊಂಡಿದ್ರಂತೆ, ಕವರ್ ಕಿತ್ತುಹೋಗಿತ್ತು, ಅದೇನೂ ಪರವಾಗಿಲ್ಲ, ಆದ್ರೆ ರಾತ್ರಿ ಎರಡು ಗಂಟೆವರೆಗೂ ಓದಿ ಕೊನೆಗೆ ಬಂದು ನೋಡಿದ್ರೆ ಕೊನೇ ಹದಿನೈದು ಹಾಳೇನೇ ಇಲ್ಲ. ಅಮೆರಿಕಕ್ಕೆ ಬಂದ ಮೊದಲ ತಿಂಗಳೇ ಊರಿನ ಲೈಬ್ರರಿಗೆ ಹೋಗಿ ಆ ಹದಿನೈದು ಹಾಳೆನ ರ‍್ಯಾಕ್ ಪಕ್ಕದಲ್ಲೇ ನಿಂತ್ಕೊಂಡು ಓದಿದ್ರಂತೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಮುಂದೆ ಅವರು ಮಾಡಿದ ತಪ್ಪಿಗೂ ಸರಿಗೂ ಎರಡಕ್ಕೂ ಈ ಪುಸ್ತಕದ ಮೇಲಿನ ಆಸೆನೇ ಕಾರಣ.

ನನಗೆ ಅವರ ಪರಿಚಯ ಆಗಿದ್ದು ಕನ್ನಡ ಕೂಟದ ರಾಜ್ಯೋತ್ಸವದ ಊಟದ ಸಾಲಲ್ಲಿ. ಹಾರರ್ ಪುಸ್ತಕಗಳ ಫಸ್ಟ್ ಎಡಿಷನ್, ಅಂದ್ರೆ ಮೊದಲ ಮುದ್ರಣದ ಪ್ರತಿಗಳನ್ನ ಹುಡುಕಿ ಕೂಡಿಡೋ ಹುಚ್ಚು ನಮ್ಮಿಬ್ಬರಿಗೂ, ನಾನು ಅವರಿಗಿಂತ ಎಂಟು ವರ್ಷ ಮುಂಚೆ ಅದಕ್ಕೆ ಬಿದ್ದವನು, ಹಾಗಾಗಿ "ಅಣ್ಣ, ಇದು ತಗೋಬಹುದಾ" ಅಂತ ಫೋಟೋ ಕಳಿಸ್ತಿದ್ರು, ನನಗೆ ಗೊತ್ತಿದ್ದಷ್ಟು ಹೇಳ್ತಿದ್ದೆ. ಪೀಟರ್ ಸ್ಟ್ರಾಬ್ ಅವರ 1979ರ 'ಘೋಸ್ಟ್ ಸ್ಟೋರಿ', ಕ್ಲೈವ್ ಬಾರ್ಕರ್ ಅವರ 'ಬುಕ್ಸ್ ಆಫ್ ಬ್ಲಡ್', ಜೋ ಹಿಲ್ ಅವರ ಮೊದಲ ಕಥಾಸಂಕಲನ ಹೀಗೆ ಒಂದೊಂದಾಗಿ ಸೇರಿಸ್ತಾ ಬಂದಿದ್ರು. ಬಾರ್ಕರ್ ಪುಸ್ತಕದ ವಿಷಯದಲ್ಲಿ ಅವರು ಮಾಡಿದ್ದು ನನಗೆ ತುಂಬ ಹಿಡಿಸಿತ್ತು, ಎಲ್ಲರೂ ಗಟ್ಟಿ ಬೈಂಡಿನ ಪ್ರತಿ ಹುಡುಕ್ತಾರೆ, ಆದ್ರೆ ಆ ಕಥೆಗಳು ಮೊದಲು ಬಂದಿದ್ದು 1984ರಲ್ಲಿ ಲಂಡನ್ನಿನ ಸ್ಫಿಯರ್‌ನವರ ಸಾದಾ ಪೇಪರ್‌ಬ್ಯಾಕ್ ಆಗಿ, ಗಟ್ಟಿ ಬೈಂಡು ಬಂದಿದ್ದು ಮಾರನೇ ವರ್ಷ. ಗೌಡ್ರು ಅದನ್ನ ತಾವೇ ಕಂಡುಕೊಂಡು ಪೇಪರ್‌ಬ್ಯಾಕನ್ನೇ ತಗೊಂಡ್ರು. ಅಂದ್ರೆ ಏನೂ ಗೊತ್ತಿಲ್ಲದೆ ಮೋಸ ಹೋದವರ ಕಥೆ ಅಲ್ಲ ಇದು.

ಈ ಕ್ಷೇತ್ರದ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. 1967ರಲ್ಲಿ 'ರೋಸ್‌ಮೇರೀಸ್ ಬೇಬಿ', 1971ರಲ್ಲಿ 'ದಿ ಎಕ್ಸಾರ್ಸಿಸ್ಟ್', ಆಮೇಲೆ 1974ರಲ್ಲಿ ಕಿಂಗ್ ಅವರ ಮೊದಲ ಕಾದಂಬರಿ 'ಕ್ಯಾರಿ', ಇವು ಬಂದ ಮೇಲೆ ಹಾರರ್ ಅಂದ್ರೆ ಪ್ರಕಾಶಕರಿಗೆ ದೊಡ್ಡ ಮಾರ್ಕೆಟ್ ಆಯ್ತು. ಆದ್ರೆ ಶುರುವಿನ ಆ ಪುಸ್ತಕಗಳನ್ನ ಯಾರೂ ಜೋಪಾನವಾಗಿ ಇಡಬೇಕು ಅಂತ ಅಚ್ಚು ಹಾಕಿದ್ದಲ್ಲ. ಕಿಂಗ್ ಅವರ ಮೊದಮೊದಲ ಪುಸ್ತಕಗಳನ್ನ ಡಬಲ್‌ಡೇ ಕಂಪನಿ ಅಗ್ಗದ ಕಾಗದದಲ್ಲಿ ಸಾಧಾರಣ ಬೈಂಡಿಂಗ್‌ನಲ್ಲಿ ತಂದಿತ್ತು, 'ಕ್ಯಾರಿ' ಮೊದಲ ಮುದ್ರಣ ಸುಮಾರು 30,000 ಪ್ರತಿ, ಅದರಲ್ಲೂ ಎಷ್ಟೋ ಲೈಬ್ರರಿ ಸೇರಿ ಸೀಲು ಗಮ್ಮು ಚೀಟಿ ಎಲ್ಲ ಅಂಟಿಸಿಕೊಂಡ್ವು. ರಟ್ಟಿನ ಮೇಲೆ ಹಾಕಿರೋ ಕಾಗದದ ಹೊದಿಕೆ, ಅಂದ್ರೆ ಜಾಕೆಟ್, ಹರಿದರೆ ಜನ ಬಿಸಾಕ್ತಿದ್ರು. ಹಾಗಾಗಿ ಈಗ ಚೆನ್ನಾಗಿರೋ ಪ್ರತಿ ಸಿಗೋದು ಕಷ್ಟ.

ಇದರ ಜೊತೆಗೆ ಬುಕ್ ಕ್ಲಬ್ ಪ್ರತಿಗಳ ಗೊಂದಲ ಇದೆ. ನೋಡೋಕೆ ಅದೇ ಮುಖಪುಟ, ಅದೇ ವರ್ಷ, ಆದ್ರೆ ಕ್ಲಬ್ ಸದಸ್ಯರಿಗೆ ಕಮ್ಮಿ ಬೆಲೆಗೆ ಕೊಟ್ಟ ಮುದ್ರಣ, ಜಾಕೆಟ್ ಒಳಮಡಿಕೇಲಿ ಬೆಲೆ ಇರಲ್ಲ. ಡಬಲ್‌ಡೇ ಪುಸ್ತಕದಲ್ಲಿ ಕೊನೇ ಪುಟಗಳ ಹತ್ರ, ಬೈಂಡಿಂಗ್ ಸಂದಿಯಲ್ಲಿ, ಸಣ್ಣದಾಗಿ ಒಂದು ಅಕ್ಷರ ಒಂದು ಅಂಕಿ ಅಚ್ಚಾಗಿರುತ್ತೆ, ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. 'ಕ್ಯಾರಿ'ಯಲ್ಲಿ 199ನೇ ಪುಟದಲ್ಲಿ ಪಿ6, ಅಂದ್ರೆ 1974ರ ಆರನೇ ವಾರ ಅಚ್ಚಾಗಿದ್ದು. 'ದ ಶೈನಿಂಗ್'ನಲ್ಲಿ 447ನೇ ಪುಟದಲ್ಲಿ ಆರ್49, ಅಂದ್ರೆ 1976ರ ನಲವತ್ತೊಂಬತ್ತನೇ ವಾರ, ಪುಸ್ತಕ ಅಂಗಡಿಗೆ ಬಂದಿದ್ದು 1977ರ ಜನವರಿಯಲ್ಲಿ. ಕಾಪಿರೈಟ್ ಪುಟದಲ್ಲಿ ಫಸ್ಟ್ ಎಡಿಷನ್ ಅಂತ ಇರ್ಬೇಕು, ಜಾಕೆಟ್ ಮೇಲೆ 8.95 ಡಾಲರ್ ಇರ್ಬೇಕು. ಇವು ಮೂರೂ ಕೂಡಿ ಬಂದ್ರೆ ಪುಸ್ತಕ ಸರಿ ಇದೆ ಅಂತ ಲೆಕ್ಕ. ಸಹಿ ಬೇರೆ ವಿಷಯ, ಅದಕ್ಕೆ ಕೋಡೂ ಇಲ್ಲ ಪುಟಸಂಖ್ಯೆನೂ ಇಲ್ಲ.

ಖರೀದಿ

ಒಂದು ಗುರುವಾರ ರಾತ್ರಿ ಗೌಡ್ರಿಗೆ ಒಬ್ಬ ಡೀಲರ್‌ನಿಂದ ಇಮೇಲ್ ಬಂತು. 'ದ ಶೈನಿಂಗ್' ಫಸ್ಟ್ ಎಡಿಷನ್, ಜಾಕೆಟ್ ಸಮೇತ, ಲೇಖಕರ ಸಹಿ ಇದೆ, ಸಹಿ ಮೇಲೆ ಯಾರದೋ ಹೆಸರಿಗೆ ಒಂದು ಸಾಲು ಶುಭಾಶಯ, ಮೇಲೆ ಬಲಗಡೆ ಮೂಲೆಯಲ್ಲಿ ಮಾರ್ಚ್ 1978 ಅಂತ ತಾರೀಖು. ಬೆಲೆ 3,400 ಡಾಲರ್. ಇನ್ನೊಬ್ಬರೂ ಕೇಳ್ತಿದಾರೆ, ನಿಮಗೋಸ್ಕರ ಬೆಳಗ್ಗೆ ಹತ್ತರವರೆಗೆ ಇಟ್ಟಿರ್ತೀನಿ ಅಂತ ಕೊನೇಲಿ ಒಂದು ಸಾಲು.

ಇಷ್ಟು ವರ್ಷದಲ್ಲಿ ಐವತ್ತು ಡಾಲರ್ ಪುಸ್ತಕಕ್ಕೂ ನನಗೆ ಫೋಟೋ ಕಳಿಸ್ತಿದ್ದವರು ಅವತ್ತು ಕಳಿಸಲಿಲ್ಲ. ಯಾಕೆ ಅಂತ ಆಮೇಲೆ ಕೇಳಿದಾಗ ನೇರವಾಗಿ ಹೇಳಿದ್ರು, "ನೀವು ಬೇಡ ಅಂತೀರ ಅಂತ ಗೊತ್ತಿತ್ತು ಅಣ್ಣ". ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಮೊದಲ ತಿರುವು ಇದೇ. ಬೇಡ ಅನ್ನೋರನ್ನ ಕೇಳಬಾರದು ಅಂತ ಮನಸ್ಸಿಗೆ ಬಂತು ಅಂದ್ರೆ ಒಳಗೆ ಎಲ್ಲೋ ಅನುಮಾನ ಇದೆ ಅಂತಾನೇ ಅರ್ಥ, ಆ ಅನುಮಾನಕ್ಕೆ ಅವತ್ತು ಮಾತಾಡೋಕೆ ಅವಕಾಶ ಕೊಡಲಿಲ್ಲ.

ಪುಸ್ತಕ ಬಂದಾಗ ಅವರು ಮಾಡಬೇಕಾದ್ದೆಲ್ಲ ಮಾಡಿದ್ರು. 447ನೇ ಪುಟ ತೆಗೆದು ಆರ್49 ನೋಡಿದ್ರು, ಫಸ್ಟ್ ಎಡಿಷನ್ ಸಾಲು ನೋಡಿದ್ರು, 8.95 ನೋಡಿದ್ರು, ಜಾಕೆಟ್ ಬುಕ್ ಕ್ಲಬ್ ಪ್ರತಿಯಿಂದ ತಂದು ಹಾಕಿದ್ದಲ್ಲ ಅಂತ ಖಾತ್ರಿ ಮಾಡಿಕೊಂಡ್ರು. ಎಲ್ಲ ಸರಿ ಇತ್ತು. ಪುಸ್ತಕ ಅಸಲಿ ಅಂತ ಗೊತ್ತಾದ ತಕ್ಷಣ ಸಹೀನೂ ಅಸಲಿ ಅಂತ ಮನಸ್ಸು ತಾನೇ ತೀರ್ಮಾನ ಮಾಡಿಬಿಡ್ತು, ಜೊತೆಗೆ ಹೊಲೊಗ್ರಾಮ್ ಅಂಟಿಸಿದ ಒಂದು ಸರ್ಟಿಫಿಕೇಟ್ ಬೇರೆ ಬಂದಿತ್ತು. ಆ ಸರ್ಟಿಫಿಕೇಟ್ ಕೊಟ್ಟಿದ್ದು ಯಾರು ಅಂದ್ರೆ ಮಾರಿದ ಡೀಲರೇ. ಮಾರೋನೇ ಬರೆದುಕೊಟ್ಟ ಚೀಟಿ ಸಾಕ್ಷಿ ಹೇಗಾಗುತ್ತೆ, ಆದ್ರೆ ಎಷ್ಟು ಜನ ಅದನ್ನೇ ನಂಬ್ತಾರೆ ಅಂತ ನೋಡಿದ್ರೆ ನನಗೆ ಈಗಲೂ ಸಂಕಟ ಆಗುತ್ತೆ.

ಸಮಸ್ಯೆ ಹೊರಗೆ ಬಂದಿದ್ದು

ಹದಿನಾಲ್ಕು ತಿಂಗಳು ಆ ಪುಸ್ತಕ ಮೈಲಾರ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯಲ್ಲಿ ಗಾಜಿನ ಕಪಾಟಿನಲ್ಲಿ ಕೂತಿತ್ತು. ಅಷ್ಟರಲ್ಲಿ ಅವರ ಬೀದಿಯಲ್ಲಿ ಒಬ್ಬರ ಮನೆ ಬೇಸ್‌ಮೆಂಟಿಗೆ ನೀರು ನುಗ್ಗಿತು, ಅದನ್ನ ನೋಡಿ ಗೌಡ್ರು ಪುಸ್ತಕಗಳಿಗೆ ಬೇರೆಯಾಗಿ ಇನ್ಶೂರೆನ್ಸ್ ಮಾಡಿಸೋಣ ಅಂತ ಹೊರಟ್ರು. ಬೆಲೆ ಕಟ್ಟೋಕೆ ಬಂದವರು ವಯಸ್ಸಾದ ಹೆಂಗಸು, ಪ್ರತಿ ಪುಸ್ತಕಕ್ಕೂ ಒಂದೇ ಪ್ರಶ್ನೆ ಕೇಳ್ತಾ ಹೋದ್ರಂತೆ, ಇದು ನಿಮ್ಮ ಹತ್ರ ಬರೋಕೆ ಮುಂಚೆ ಯಾರ ಹತ್ರ ಇತ್ತು? ಬೇರೆ ಸಹಿ ಇರೋ ಪುಸ್ತಕಗಳಿಗೆಲ್ಲ ಗೌಡ್ರು ಉತ್ತರ ಕೊಟ್ರು, ಇದಕ್ಕೆ ನಾನೇ ಎದುರು ನಿಂತು ಹಾಕಿಸಿಕೊಂಡಿದ್ದು, ಇದು ನಂಬರ್ ಹಾಕಿರೋ ಲಿಮಿಟೆಡ್ ಎಡಿಷನ್, ಇದರ ಹಳೇ ರಸೀದಿ ಇದೆ ಅಂತ. 'ದ ಶೈನಿಂಗ್' ಹತ್ರ ಬಂದಾಗ ಡೀಲರ್ ಹೆಸರು ಬಿಟ್ಟು ಹಿಂದಕ್ಕೆ ಏನೂ ಇರಲಿಲ್ಲ. ಆಕೆ ಏನೂ ವಾದ ಮಾಡಲಿಲ್ಲ, ಪಟ್ಟಿಯಲ್ಲಿ ಆ ಪುಸ್ತಕನ ಸಹಿ ಇಲ್ಲದ ಪ್ರತಿ ಅಂತ ಲೆಕ್ಕ ಹಾಕಿ 900 ಡಾಲರ್ ಬರೆದು ಮುಂದಕ್ಕೆ ಹೋದ್ರು.

ಅವತ್ತು ರಾತ್ರಿ ನನಗೆ ಫೋನ್ ಬಂತು.

ಏನೇನು ಪ್ರಯತ್ನ ಮಾಡಿದ್ವಿ

ಮೊದಲು ಗೌಡ್ರು ಸ್ಕ್ಯಾನ್ ಮಾಡಿ ಸಹಿ ಪರೀಕ್ಷೆ ಮಾಡೋ ಒಂದು ಆನ್‌ಲೈನ್ ಸೇವೆಗೆ ದುಡ್ಡು ಕಟ್ಟಿ ಕಳಿಸಿದ್ರು. ಎರಡು ದಿನಕ್ಕೆ ಉತ್ತರ ಬಂತು, ಬಹುಶಃ ಅಸಲಿ ಅಂತ. ಅವರಿಗೆ ಖುಷಿ. ನನಗೆ ಸಮಾಧಾನ ಆಗಲಿಲ್ಲ, ಸ್ಕ್ಯಾನ್‌ನಲ್ಲಿ ಸಹಿಯ ಆಕಾರ ಕಾಣುತ್ತೆ ಅಷ್ಟೇ, ಪೆನ್ನು ಎಷ್ಟು ಜೋರಾಗಿ ಓಡಿದೆ, ಎಲ್ಲಿ ಎತ್ತಿದ್ದಾರೆ, ಇಂಕು ಕಾಗದದೊಳಗೆ ಹೇಗೆ ಇಳಿದಿದೆ ಅನ್ನೋದು ಕಾಣಲ್ಲ. ಆಕಾರನೇ ನಕಲು ಮಾಡೋದಲ್ವಾ ಫೋರ್ಜರಿ ಅಂದ್ರೆ.

ಆಮೇಲೆ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಆರ್ಮರಿಯಲ್ಲಿ ಹಳೇ ಪುಸ್ತಕಗಳ ದೊಡ್ಡ ಮೇಳ ನಡೆಯುತ್ತೆ, ಅಲ್ಲಿಗೆ ಪುಸ್ತಕ ತಗೊಂಡು ಇಬ್ಬರೂ ಹೋದ್ವಿ. ಆ ಕಾಲದ ಹಾರರ್ ಪುಸ್ತಕಗಳನ್ನ ಬಹಳ ವರ್ಷದಿಂದ ಮಾರ್ತಿರೋ ಒಬ್ಬರ ಹತ್ರ ತೋರಿಸಿದ್ವಿ. ಅವರು ಲೂಪ್, ಅಂದ್ರೆ ಕಣ್ಣಿಗೆ ಹತ್ತಿರ ಹಿಡಿಯೋ ಸಣ್ಣ ಭೂತಗನ್ನಡಿ, ಹಿಡಿದು ಒಂದು ನಿಮಿಷ ನೋಡಿದ್ರು, ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ವಾಪಸ್ ಕೊಟ್ಟು, ಇದನ್ನ ನಾನಾಗಿದ್ರೆ ಮಾರಲ್ಲ ಅಂದ್ರು. ಅಷ್ಟೇ. ಯಾಕೆ ಅಂತ ಕೇಳಿದ್ದಕ್ಕೆ ಸಹಿಯ ಶುರು ಮತ್ತು ಕೊನೆ ನೋಡಿ ಅಂದ್ರು. ಒಳ್ಳೆ ಡೀಲರ್‌ಗಳು ನಕಲಿ ಅನ್ನೋ ಪದನ ಸುಲಭವಾಗಿ ಬಾಯಿಗೆ ತರಲ್ಲ, ನಾನು ಮಾರಲ್ಲ ಅಂದ್ರೆ ಅದೇ ಅವರ ತೀರ್ಪು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಲೂಪ್‌ನಲ್ಲಿ ನಾವೂ ನೋಡಿದ್ವಿ. ದಿನಕ್ಕೆ ನೂರು ಸಹಿ ಹಾಕೋ ಮನುಷ್ಯನ ಪೆನ್ನು ಕಾಗದ ಮುಟ್ಟೋಕೆ ಮುಂಚೇನೇ ಓಡ್ತಿರುತ್ತೆ, ಅದಕ್ಕೇ ಗೆರೆಯ ಶುರು ಸಣ್ಣಗೆ, ಮಧ್ಯ ದಪ್ಪ, ಕೊನೆಗೆ ಮತ್ತೆ ಸಣ್ಣಗೆ ಗಾಳಿಗೆ ಹೋದ ಹಾಗೆ ಮುಗಿಯುತ್ತೆ. ಇಲ್ಲಿ ಪ್ರತಿ ಗೆರೆಯ ಶುರುವಿನಲ್ಲೂ ಒಂದು ಚುಕ್ಕೆ ಇಟ್ಟ ಹಾಗೆ ಮೊಂಡಾಗಿತ್ತು, ಕೊನೆಯಲ್ಲೂ ಪೆನ್ನು ನಿಂತು ಆಮೇಲೆ ಎದ್ದಿತ್ತು. ಉದ್ದಕ್ಕೂ ಒಂದೇ ದಪ್ಪ. ರಂಗೋಲಿ ಬರದವರು ಚುಕ್ಕೆ ನೋಡ್ಕೊಂಡು ನೋಡ್ಕೊಂಡು ಎಳೆ ಎಳೆದ ಹಾಗೆ.

ಆದ್ರೂ ಇದೆಲ್ಲ ಅಭಿಪ್ರಾಯ. ಒಬ್ಬರು ಬಹುಶಃ ಅಸಲಿ ಅಂತಾರೆ, ಇನ್ನೊಬ್ಬರು ಮಾರಲ್ಲ ಅಂತಾರೆ, ಕೈ ನೋವಿತ್ತೇನೋ, ನಿಂತ್ಕೊಂಡು ಹಾಕಿದ್ರೇನೋ ಅಂತ ಡೀಲರ್ ಹೇಳಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಪ್ರಮಾಣ ಎಲ್ಲಿಂದ ತರೋದು ಅನ್ನೋದೇ ನಮ್ಮ ಪ್ರಶ್ನೆ ಆಗಿತ್ತು.

ಅಡುಗೆಮನೆ ಟೇಬಲ್ ಮೇಲೆ

ಮುಂದಿನ ಶನಿವಾರ ಗೌಡ್ರ ಮನೆಗೆ ಹೋದೆ. ಅಡುಗೆಮನೆ ಲೈಟ್ ಆರಿಸಿ, ಫೋನಿನ ಟಾರ್ಚನ್ನ ಪುಟದ ಮಟ್ಟಕ್ಕೇ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ವಿ. ಹೀಗೆ ಅಡ್ಡ ಬೆಳಕು ಬಿಟ್ರೆ ಕಾಗದದ ಮೇಲಿನ ತಗ್ಗು ದಿಣ್ಣೆ ಎಲ್ಲ ನೆರಳು ಬಿದ್ದು ಎದ್ದು ಕಾಣುತ್ತೆ, ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು, ಎಲ್ಲರೂ ಮಾಡಬೇಕು. ಪುಸ್ತಕದ ಹೆಸರು ಮಾತ್ರ ಇರೋ ಆ ಮೊದಲ ಪುಟದಲ್ಲಿ ನಾನು ಸಹಿ ಸುತ್ತ ಮುತ್ತಾನೇ ನೋಡ್ತಿದ್ದೆ. ಹೈಸ್ಕೂಲಲ್ಲಿರೋ ಅವರ ಮಗಳು ನೀರು ಕುಡಿಯೋಕೆ ಬಂದವಳು ಬಗ್ಗಿ ನೋಡಿ, "ಅಪ್ಪ, ಮೂಲೇಲಿ ಏನೋ ಬರೆದು ಅಳಿಸಿದಾರೆ" ಅಂದಳು.

ಮಾರ್ಚ್ 1978 ಅನ್ನೋ ತಾರೀಖಿನ ಕೊನೇ ಅಂಕಿಗಳ ಅಡಿಯಲ್ಲೇ ಕಾಗದ ಉಜ್ಜಿ ಉಜ್ಜಿ ನವಿರು ಎದ್ದಿತ್ತು. ಟಾರ್ಚನ್ನ ತಿರುಗಿಸ್ತಾ ತಿರುಗಿಸ್ತಾ ಹೋದ್ರೆ ಪೆನ್ಸಿಲ್ ಒತ್ತಿದ ಗುರುತು ಕಂಡಿತು. ಸ್ಪಷ್ಟವಾಗಿ '1st' ಅಂತ, ಅದರ ಕೆಳಗೆ ಒಂದು, ಏಳು, ಮೂರನೇದು ಐದೋ ಆರೋ, ಆಮೇಲೆ ಒಂದು ಅಡ್ಡಗೆರೆ. ಹಳೇ ಪುಸ್ತಕದ ಅಂಗಡಿಯವರು ಮೂಲೇಲಿ ಪೆನ್ಸಿಲಲ್ಲಿ ಬೆಲೆ ಬರೆಯೋ ರೀತಿ ಅದು, ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ.

ಈಗ ಯೋಚನೆ ಮಾಡಿ. 1978ರ ಮಾರ್ಚ್‌ನಲ್ಲಿ ಈ ಪುಸ್ತಕಕ್ಕೆ ಹದಿನಾಲ್ಕು ತಿಂಗಳು ವಯಸ್ಸು, ಅಚ್ಚಾದ ಬೆಲೆ 8.95. ಆಗ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 175 ಡಾಲರ್ ಕೇಳೋರು ಯಾರು, ಕೊಡೋರು ಯಾರು. ಆ ಬೆಲೆ ಬಿದ್ದಿರೋದು ಎಷ್ಟೋ ವರ್ಷ ಆದ್ಮೇಲೆ, ಕಲೆಕ್ಟರ್‌ಗಳು ಹುಡುಕೋಕೆ ಶುರು ಮಾಡಿದ ಕಾಲಕ್ಕೆ. ಆಮೇಲೆ ಅದನ್ನ ಅಳಿಸಿದ್ದಾರೆ. ಪ್ರಶ್ನೆ ಇಷ್ಟೇ, ತಾರೀಖಿನ ಇಂಕು ಅಳಿಸೋಕೆ ಮುಂಚೆ ಬಿದ್ದಿದ್ದೋ ಅಳಿಸಿದ ಮೇಲೆ ಬಿದ್ದಿದ್ದೋ.

ಗೌಡ್ರು ಟೆಸ್ಟಿಂಗ್ ಕೆಲಸದವರು ಅಂತ ಹೇಳಿದ್ನಲ್ಲ, ಅಲ್ಲಿ ಅವರ ಕೈ ಕಂಡಿತು. ಅದೇ ಕಾಲದ, ಅದೇ ಪ್ರಕಾಶಕರ ಒಂದು ಹಾಳುಬಿದ್ದ ಬುಕ್ ಕ್ಲಬ್ ಪ್ರತಿನ ನಾಲ್ಕು ಡಾಲರ್‌ಗೆ ತರಿಸಿದ್ರು. ಅದರ ಖಾಲಿ ಹಾಳೆ ಮೇಲೆ ಒಂದು ಕಡೆ ಪೆನ್ಸಿಲಲ್ಲಿ ಬರೆದು, ರಬ್ಬರ್‌ನಿಂದ ಚೆನ್ನಾಗಿ ಉಜ್ಜಿ, ಅದರ ಮೇಲೆ ಇಂಕಲ್ಲಿ ಬರೆದ್ರು. ಇನ್ನೊಂದು ಕಡೆ ಮೊದಲು ಇಂಕು, ಒಣಗಿದ ಮೇಲೆ ಪೆನ್ಸಿಲ್, ಆಮೇಲೆ ರಬ್ಬರ್. ಒಂದು ದಿನ ಬಿಟ್ಟು ಲೂಪ್‌ನಲ್ಲಿ ನೋಡಿದ್ವಿ. ಇಂಕು ಮೊದಲು ಇದ್ದ ಕಡೆ ರಬ್ಬರ್ ಉಜ್ಜಿ ಇಂಕು ತೆಳುವಾಗಿ ಮಸುಕಾಗಿತ್ತು, ಅಂಚು ಮಾತ್ರ ಇದ್ದ ಹಾಗೇ ಚೂಪಾಗಿತ್ತು. ರಬ್ಬರ್ ಮೊದಲು ಉಜ್ಜಿದ ಕಡೆ ಇಂಕು ಗಾಢವಾಗೇ ಇತ್ತು, ಆದ್ರೆ ಎದ್ದಿದ್ದ ನವಿರುಗಳ ಗುಂಟ ಹರಿದು ಅಂಚಿನಲ್ಲಿ ಸಣ್ಣ ಸಣ್ಣ ಬೇರು ಬಿಟ್ಟಿತ್ತು.

'ದ ಶೈನಿಂಗ್' ಪುಟದಲ್ಲಿ 1978ರ ಎಂಟು ಅನ್ನೋ ಅಂಕಿಗೆ ಸುತ್ತಲೂ ಆ ಬೇರುಗಳಿದ್ವು. ಒಂದು, ಒಂಬತ್ತು ಉಜ್ಜದ ಜಾಗದಲ್ಲಿದ್ವು, ಅವುಗಳ ಅಂಚು ನೀಟಾಗಿತ್ತು. ಏಳರ ಅರ್ಧ ಹಾಗೆ ಅರ್ಧ ಹೀಗೆ.

ಅಂದ್ರೆ ಮೊದಲು ಪೆನ್ಸಿಲ್ ಬೆಲೆ, ಆಮೇಲೆ ರಬ್ಬರ್, ಎಲ್ಲ ಆದ್ಮೇಲೆ ಇಂಕು. ಯಾರೋ ಉಜ್ಜಿದ ಗುರುತನ್ನ ಮುಚ್ಚೋಕೇ ಅಂತ ಅದರ ಮೇಲೇ ತಾರೀಖು ಬರೆದಿದ್ದಾರೆ ಅಂತ ನನ್ನ ನಂಬಿಕೆ, ಆ ತಾರೀಖೇ ಇಲ್ಲದಿದ್ರೆ ನಮಗೆ ಏನೂ ತೋರಿಸೋಕೆ ಆಗ್ತಿರಲಿಲ್ಲ. ಗೌಡ್ರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಮನೆಯವರು ಕಾಫಿ ತಂದಿಟ್ಟು, ಪುಸ್ತಕನ ಕಾಫಿಯಿಂದ ದೂರ ಸರಿಸಿದ್ರು.

ಡೀಲರ್ ಜೊತೆ

ಆ ರಾತ್ರಿ ಗೌಡ್ರು ಬರೆದ ಮೊದಲ ಇಮೇಲ್ ಕಳಿಸೋ ಹಾಗಿರಲಿಲ್ಲ, ಮೋಸಗಾರ, ಪೊಲೀಸು, ಎಲ್ಲರಿಗೂ ಹೇಳ್ತೀನಿ ಅಂತ ತುಂಬಿತ್ತು. ನಾನು ಒಂದು ದಿನ ತಡೀರಿ ಗೌಡ್ರೆ ಅಂದೆ. ಕಾರ್ಡ್ ಕಂಪನಿಯಲ್ಲಿ ತಕರಾರು ಹಾಕೋ ಗಡುವು ಯಾವಾಗಲೋ ಮುಗಿದಿತ್ತು, ಹಾಗಾಗಿ ದುಡ್ಡು ವಾಪಸ್ ಬರಬೇಕಾದ್ರೆ ಆ ಮನುಷ್ಯ ಮನಸ್ಸು ಮಾಡಿದ್ರೇನೇ ಬರಬೇಕು, ಅವನು ಗೊತ್ತಿದ್ದೇ ಮಾರಿದ್ದು ಅನ್ನೋಕೆ ನಮ್ಮ ಹತ್ರ ಏನೂ ಇರಲಿಲ್ಲ, ಅವನೂ ಇನ್ನೊಬ್ಬರ ಹತ್ರ ಮೋಸ ಹೋಗಿರಬಹುದು. ಎರಡನೇ ಇಮೇಲ್‌ನಲ್ಲಿ ಬೈಗುಳ ಇಲ್ಲ, ಆರು ಫೋಟೋ, ಪ್ರತಿ ಫೋಟೋ ಕೆಳಗೆ ಒಂದು ಸಾಲು, ಕೊನೆಗೆ ಒಂದೇ ಪ್ರಶ್ನೆ: ಈ ಪ್ರತಿ ನಿಮಗೆ ಯಾರಿಂದ, ಯಾವಾಗ ಬಂತು?

ಹತ್ತೊಂಬತ್ತು ದಿನ ಉತ್ತರ ಇಲ್ಲ. ಇಪ್ಪತ್ತನೇ ದಿನ ಬಂತು. ಹರಾಜಿನಲ್ಲಿ ಒಂದು ಪೆಟ್ಟಿಗೆ ಪುಸ್ತಕ ಒಟ್ಟಿಗೆ ತಗೊಂಡಿದ್ದು, ಅದರ ಹಿಂದಿನ ದಾಖಲೆ ಇಲ್ಲ, ಸಹಿ ಬಗ್ಗೆ ನನಗೆ ನಂಬಿಕೆ ಇದೆ, ಆದ್ರೂ ಪುಸ್ತಕ ವಾಪಸ್ ಕಳಿಸಿದ್ರೆ ಪೂರ್ತಿ 3,400 ಕೊಡ್ತೀನಿ ಅಂತ.

ನಾನು ಹೇಳಿದೆ, ತಗೊಳ್ಳಿ, ಮುಗೀತು. ಈಗಲೂ ಬೇರೆ ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತೀನೇನೋ. ಗೌಡ್ರು ಒಪ್ಪಲಿಲ್ಲ. ವಾಪಸ್ ತಗೊಂಡು ಏನು ಮಾಡ್ತೀರ ಅಂತ ಡೀಲರ್‌ಗೆ ಬರೆದು ಕೇಳಿದ್ರು, ಇದನ್ನ ಮತ್ತೆ ಸಹಿ ಇರೋ ಪ್ರತಿ ಅಂತ ಮಾರಲ್ಲ ಅಂತ ಒಂದು ಸಾಲು ಬರೆದುಕೊಡಿ ಅಂದ್ರು. ಆತ ಬರೆದುಕೊಡಲಿಲ್ಲ. ನನ್ನ ಪುಸ್ತಕ, ನನ್ನ ವ್ಯಾಪಾರ ಅಂತ ಉತ್ತರ ಬಂತು.

ಇದೇ ಸಮಯಕ್ಕೆ ಬೆಂಗಳೂರಿನ ಪರಿಚಯದವರೊಬ್ಬರು, ವಿಷಯ ಅರ್ಧಂಬರ್ಧ ಕೇಳಿಸಿಕೊಂಡು, ಇದ್ದ ಹಾಗೇ ಕೊಡಿ, 3,000 ಡಾಲರ್ ಕೊಡ್ತೀನಿ, ನನಗೆ ಸರ್ಟಿಫಿಕೇಟ್ ಇದ್ರೆ ಸಾಕು ಅಂತ ವಾಟ್ಸಾಪ್ ಮಾಡಿದ್ರು. ನಮ್ಮಲ್ಲೇ ಒಂದಿಬ್ಬರು ಕೊಟ್ಟುಬಿಡಿ, ಅವರಿಗೇ ಬೇಕಂತೆ ಅಲ್ವಾ ಅಂತಾನೂ ಅಂದ್ರು. ಗೌಡ್ರು ಆ ಮೆಸೇಜ್‌ಗೆ ಟಾರ್ಚ್ ಬೆಳಕಿನ ಫೋಟೋ ಒಂದನ್ನ ಮಾತ್ರ ಉತ್ತರವಾಗಿ ಕಳಿಸಿದ್ರು, ಆ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ.

ಕೊನೆಗೆ ಗೌಡ್ರೇ ಒಂದು ದಾರಿ ಹುಡುಕಿದ್ರು. ಪುಸ್ತಕ ನನ್ನ ಹತ್ರಾನೇ ಇರಲಿ, ಸಹಿಗೆ ಅಂತ ನಾನು ಜಾಸ್ತಿ ಕೊಟ್ಟ ದುಡ್ಡು ವಾಪಸ್ ಕೊಡಿ ಅಂತ. ಎರಡು ವಾರ ಹಗ್ಗಜಗ್ಗಾಟ ಆಗಿ ಡೀಲರ್ 2,100 ವಾಪಸ್ ಕೊಡೋಕೆ ಒಪ್ಪಿದ. ಅಂದ್ರೆ ಪುಸ್ತಕ ಗೌಡ್ರಿಗೆ 1,300ಕ್ಕೆ ಬಿದ್ದ ಹಾಗಾಯ್ತು, ಬೆಲೆ ಕಟ್ಟಿದ ಆಕೆ ಹೇಳಿದ 900ಕ್ಕಿಂತ 400 ಜಾಸ್ತಿ, ಅದೂ ಈಗ ಒಂದು ಪುಟ ಕೆಟ್ಟಿರೋ ಪ್ರತಿಗೆ.

ಇದರಿಂದ ನಾವು ಕಲಿತಿದ್ದು

ನನ್ನ ಮಟ್ಟಿಗೆ ದೊಡ್ಡ ಪಾಠ ಆ ವಯಸ್ಸಾದ ಹೆಂಗಸಿನ ಪ್ರಶ್ನೆ. ಪುಸ್ತಕ ಅಸಲಿ ಅಂತ ಪುಸ್ತಕಾನೇ ಹೇಳುತ್ತೆ, ಸಹಿ ಅಸಲಿ ಅಂತ ಹೇಳೋಕೆ ಅದು ನಡೆದು ಬಂದ ದಾರಿ ಬೇಕು. ಅದಕ್ಕೇ ನಾನು ಈಗ ಹೊಸಬರಿಗೆ, ಆಮೇಲೆ ಬೇರೆಯಾಗಿ ಹಾಕಿಸಿದ ಸಹಿಗಿಂತ ಸೈನ್ಡ್ ಲಿಮಿಟೆಡ್ ಎಡಿಷನ್ ನೋಡಿ ಅಂತೀನಿ, ಅಲ್ಲಿ ಸಹಿ ಇರೋ ಪುಟ ಪುಸ್ತಕದ ಜೊತೆಗೇ ಅಚ್ಚಾಗಿ ಬೈಂಡ್ ಆಗಿರುತ್ತೆ, ಎಷ್ಟು ಪ್ರತಿ ಅಂತ ಸಂಖ್ಯೆ ಇರುತ್ತೆ. 1980ರಲ್ಲಿ ಫಾಂಟೇಷಿಯಾ ಪ್ರೆಸ್‌ನವರು ಕಿಂಗ್ ಅವರ 'ಫೈರ್‌ಸ್ಟಾರ್ಟರ್'ನ 725 ಸಹಿ ಪ್ರತಿ ತಂದ್ರು, ಬೆಂಕಿಯ ಕಥೆ ಅಂತ ಬೇರೆ 26 ಪ್ರತಿಗೆ ಆಸ್ಬೆಸ್ಟಾಸ್ ಬಟ್ಟೆಯ ಬೈಂಡಿಂಗ್ ಹಾಕಿದ್ರು. 1982ರಲ್ಲಿ ಡೊನಾಲ್ಡ್ ಗ್ರಾಂಟ್ ಅವರು 'ದ ಗನ್‌ಸ್ಲಿಂಗರ್' ತಂದಾಗ 10,000 ಸಾದಾ ಪ್ರತಿ, 500 ಸಹಿ ಪ್ರತಿ. ದುಬಾರಿ ಹೌದು, ಆದ್ರೆ ಮೂಲ ಕೇಳಿದ್ರೆ ಉತ್ತರ ಇದೆ. ಬದುಕಿರೋ ಲೇಖಕರಾದ್ರೆ ಎದುರು ನಿಂತು ಹಾಕಿಸಿಕೊಂಡು, ಅವತ್ತಿನ ಟಿಕೆಟ್ಟು, ಒಂದು ಫೋಟೋ ಪುಸ್ತಕದ ಜೊತೆಗಿಡಿ, ಮುಂದೆ ನಿಮ್ಮ ಮಕ್ಕಳಿಗೆ ಅದೇ ದಾಖಲೆ. ಸ್ಟ್ರಾಬ್ 2022ರಲ್ಲಿ ಹೋಗಿಬಿಟ್ರು, 'ದ ಹಾಂಟಿಂಗ್ ಆಫ್ ಹಿಲ್ ಹೌಸ್' ಬರೆದ ಶರ್ಲಿ ಜಾಕ್ಸನ್ 1965ರಲ್ಲೇ ಹೋದ್ರು, ಇಂಥವರ ಸಹಿ ಯಾರಾದ್ರೂ ಅಗ್ಗಕ್ಕೆ ಕೊಡ್ತೀನಿ ಅಂದ್ರೆ ಎರಡು ಸಲ ಅಲ್ಲ ಹತ್ತು ಸಲ ನೋಡಿ.

ಊರಲ್ಲಿ ಕೂತು ಹೊರದೇಶದಿಂದ ತರಿಸೋರಿಗೆ ಇನ್ನೂ ಕಷ್ಟ, ಪುಸ್ತಕ ಕೈಗೆ ಬರೋವರೆಗೂ ಫೋಟೋನೇ ಗತಿ, 2019ರ ಬಜೆಟ್‌ನಲ್ಲಿ ಹೊರಗಿಂದ ಬರೋ ಅಚ್ಚಾದ ಪುಸ್ತಕಕ್ಕೆ ಶೇ. 5 ಸುಂಕ ಬೇರೆ ಹಾಕಿದ್ರು, ವಾಪಸ್ ಕಳಿಸೋ ಖರ್ಚು ಅದರ ಮೇಲೆ. ಕೊಡೋಕೆ ಮುಂಚೆ ಅಡ್ಡ ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ, ಬೆಲೆ ಬರೆಯೋ ಮೂಲೆಯದ್ದು ಒಂದು, ಸಹಿಯ ಹಿಂಬದಿ ಪುಟದ್ದು ಒಂದು. ಒಳ್ಳೆ ಡೀಲರ್ ಬೇಜಾರು ಮಾಡ್ಕೊಳ್ಳಲ್ಲ. ಬೆಳಗ್ಗೆ ಹತ್ತರವರೆಗೆ ಮಾತ್ರ ಅನ್ನೋರಿಗೆ ಬೇರೆಯವರಿಗೇ ಕೊಡಿ ಅಂತ ಹೇಳೋ ಧೈರ್ಯ ಮಾಡಿ.

ಒಂದು ವಿಷಯದಲ್ಲಿ ನಾನೂ ಗೌಡ್ರೂ ಕೊನೆವರೆಗೂ ಒಪ್ಪಲಿಲ್ಲ. ದುಡ್ಡಿನ ವಿಷಯ ಮುಗಿದ ಮೇಲೆ ಅವರು ಆ ಪುಟದಲ್ಲಿ ಸಹಿ ನಕಲಿ ಅಂತ ಬರೆದಿಡ್ತೀನಿ ಅಂದ್ರು. ಬರೀರಿ, ಆದ್ರೆ ಪೆನ್ಸಿಲಲ್ಲಿ ಬರೀರಿ, ಹಿಂದಿನ ರಟ್ಟಿನ ಒಳಗಡೆ ಬರೀರಿ ಅಂದೆ, ಪುಸ್ತಕದ ಮೇಲೆ ಇಂಕಿನಲ್ಲಿ ಬರೆಯೋದು ಅಂದ್ರೆ ಕಲೆಕ್ಟರ್ ಆದ ನನಗೆ ಮೈ ನಡುಗುತ್ತೆ, ಎಷ್ಟಾದ್ರೂ ಅದು 1977ರ ಅಸಲಿ ಫಸ್ಟ್ ಎಡಿಷನ್. ಗೌಡ್ರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಅಣ್ಣ, ಪೆನ್ಸಿಲಲ್ಲಿ ಬರೆದಿದ್ದನ್ನ ಅಳಿಸಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಸಹಿಯ ಕೆಳಗೆ, ಅದಕ್ಕೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ಕಪ್ಪು ಇಂಕಿನಲ್ಲಿ ಮೊದಲು ಇಂಗ್ಲಿಷಿನಲ್ಲಿ ಆಮೇಲೆ ಕನ್ನಡದಲ್ಲಿ ಬರೆದ್ರು, ಮೇಲಿನ ಬರಹ ಲೇಖಕರದ್ದಲ್ಲ, ತಾರೀಖು ಸುಳ್ಳು, ಅಂತ. ತಮ್ಮ ಸಹಿ ಹಾಕಿ ಅವತ್ತಿನ ತಾರೀಖು ಹಾಕಿದ್ರು. ಒಣಗೋವರೆಗೂ ಪುಸ್ತಕನ ತೆರೆದೇ ಇಟ್ಟು, ಆಮೇಲೆ ಮೈಲಾರ್ ಸರಿ ಮಾಡಿ ಕಪಾಟಿನಲ್ಲಿ ಮೊದಲಿದ್ದ ಜಾಗಕ್ಕೇ ಇಟ್ರು. ಮಗಳು ಕಳೆದ ಬೇಸಿಗೆ ರಜೆಯಲ್ಲಿ ಅದೇ ಪ್ರತಿನ ತೆಗೆದು ಓದಿ ಮುಗಿಸಿದ್ಲಂತೆ, ಕೊನೇ ಹದಿನೈದು ಹಾಳೆ ಸಮೇತ.